ಅಲ್ಯೂಮಿನಿಯಂ ಪೆಡಲ್ ಸೆಟ್: ಎರಡು ಮಳೆಗಾಲ ದಾಟಿದ ಮೇಲಿನ ವಿಮರ್ಶೆ

ಕಾರು ಮ್ಯಾನುವಲ್ ಗೇರಿನ ಸ್ಪೋರ್ಟ್ಸ್ ಕಾರು. ಮೂರೂ ಪೆಡಲ್ ಮೇಲಿನಿಂದ ಇಳಿಬಿದ್ದಂಥವು, ಆಕ್ಸಿಲರೇಟರ್ ಕೇಬಲ್ ಇಲ್ಲದೆ ವಿದ್ಯುತ್ ಸಂಕೇತದಿಂದ (ಡ್ರೈವ್ ಬೈ ವೈರ್) ಕೆಲಸ ಮಾಡುವಂಥದು. ಹಾಕಿರುವುದು 5 ಮಿ.ಮೀ ದಪ್ಪದ ಅಲ್ಯೂಮಿನಿಯಂ ಪ್ಲೇಟುಗಳ ಸೆಟ್. ಓಡಾಟ ಹೆಚ್ಚಾಗಿ ದಾವಣಗೆರೆ ಊರೊಳಗೆ, ಚಿತ್ರದುರ್ಗದವರೆಗಿನ ಹೈವೇಯಲ್ಲಿ, ಆಗಾಗ ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಏರಿನಲ್ಲಿ.

ಹೈವೇಯಲ್ಲಿ ಈ ಪೆಡಲ್‌ಗಳಿಂದ ಏನೂ ವ್ಯತ್ಯಾಸವಿಲ್ಲ. ಊರೊಳಗೆ ಪಿ.ಬಿ. ರೋಡಿನ ಟ್ರಾಫಿಕ್ಕಿನಲ್ಲೂ ಇಲ್ಲ. ಪ್ರಯೋಜನ ಗೊತ್ತಾಗುವುದು ಜೋಗಿಮಟ್ಟಿ ಇಳಿಯುವಾಗ: ಬ್ರೇಕ್ ಒತ್ತಿಕೊಂಡೇ ಪಾದದ ಹೊರ ಅಂಚಿನಿಂದ ಆಕ್ಸಿಲರೇಟರ್ ತಟ್ಟಿ, ಆರ್‌ಪಿಎಂ ಏರಿಸಿ, ಮೂರರಿಂದ ಎರಡಕ್ಕೆ ಗೇರ್ ಇಳಿಸುವ ಹೀಲ್ ಅಂಡ್ ಟೋ ಸಲೀಸಾಗುತ್ತದೆ. ಕ್ಲಚ್ ಬಿಟ್ಟಾಗ ಕಾರು ಜಗ್ಗುವುದಿಲ್ಲ, ತಿರುವಿನಲ್ಲಿ ಹಿಂದಿನ ಚಕ್ರಗಳು ತೂಕ ಕಳೆದುಕೊಂಡು ಅಲುಗಾಡುವುದಿಲ್ಲ. ಅದು ಬೇಡವಾದವರಿಗೆ ಇದು ಬರೀ ಅಲಂಕಾರ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಖಾಲಿ ಜಾಗದಲ್ಲಿ ಕಾರು ನಿಧಾನಕ್ಕೆ ಚಲಿಸುತ್ತಿರುವಾಗ ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒತ್ತಿ ಹಿಡಿದು ಆಕ್ಸಿಲರೇಟರ್ ತಟ್ಟಿ. ಕೆಲವು ಕಾರುಗಳಲ್ಲಿ ಬ್ರೇಕ್ ಒತ್ತಿದ್ದರೆ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಆಕ್ಸಿಲರೇಟರ್ ಮಾತು ಕೇಳುವುದಿಲ್ಲ. ಆರ್‌ಪಿಎಂ ಮುಳ್ಳು ಏಳದಿದ್ದರೆ ಎಂಥ ಪೆಡಲ್ ಹಾಕಿದರೂ ದುಡ್ಡು ದಂಡ.

ಇನ್ನು ಇಡೀ ಕೆಲಸದ ಜೀವಾಳ, ಅಂದರೆ ಎತ್ತರ. ಎಂಜಿನ್ ಚಾಲೂ ಇಟ್ಟೇ ಅಳೆಯಬೇಕು; ಬ್ರೇಕಿಗೆ ಬಲ ಕೂಡಿಸುವ ಬೂಸ್ಟರಿಗೆ ವ್ಯಾಕ್ಯೂಮ್ ಇಲ್ಲದಿದ್ದರೆ ಬ್ರೇಕ್ ಪೆಡಲ್ ಎಷ್ಟು ಇಳಿಯುತ್ತದೆ ಎಂಬುದು ಗೊತ್ತಾಗುವುದೇ ಇಲ್ಲ. ಈ ಕಾರಿನಲ್ಲಿ ಬ್ರೇಕ್ ಪೆಡಲ್ ಆಕ್ಸಿಲರೇಟರಿಗಿಂತ 38 ಮಿ.ಮೀ ಎತ್ತರದಲ್ಲಿತ್ತು. ಗಟ್ಟಿಯಾಗಿ ಒತ್ತಿದರೆ 18 ಇಳಿದು, ಇನ್ನೂ 20 ಮಿ.ಮೀ ಅಂತರ ಉಳಿಯುತ್ತಿತ್ತು. ಅಷ್ಟು ಆಳಕ್ಕೆ ಪಾದ ಹೊರಳಿಸಲು ಹೋದರೆ ಬ್ರೇಕಿನ ಮೇಲಿನ ಒತ್ತಡ ಏರುಪೇರಾಗುತ್ತದೆ. ಆಕ್ಸಿಲರೇಟರ್ ಪ್ಲೇಟಿನ ಕೆಳಗೆ 6 ಮಿ.ಮೀ ಸ್ಪೇಸರ್ ಕೊಟ್ಟರೆ, ಪ್ಲೇಟಿನ 5 ಸೇರಿ ಅದು 11 ಮಿ.ಮೀ ಮೇಲೆ ಬರುತ್ತದೆ. ಬ್ರೇಕಿನ ಕಡೆ 6 ಮಿ.ಮೀ ರಬ್ಬರ್ ತೆಗೆದು 5 ಮಿ.ಮೀ ಪ್ಲೇಟ್ ಹಾಕುವುದರಿಂದ ಒಂದು ಮಿ.ಮೀ ಕಡಿಮೆ. ಉಳಿದದ್ದು 8 ಮಿ.ಮೀ. ಇದಕ್ಕಿಂತ ಇಳಿಸಲು ಹೋಗಬೇಡಿ. ಬ್ರೇಕ್ ಲೈನಿನಲ್ಲಿ ಗಾಳಿ ಸೇರಿದರೂ, ಫ್ಲೂಯಿಡ್ ಕಾದರೂ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ಆಗ ಬ್ರೇಕ್ ಪ್ಲೇಟ್ ಆಕ್ಸಿಲರೇಟರಿಗಿಂತ ಕೆಳಗಾದರೆ, ನಿಲ್ಲಿಸಬೇಕಾದ ಹೊತ್ತಲ್ಲೇ ಬೂಟು ಎರಡನ್ನೂ ಒತ್ತುತ್ತದೆ. ಅದಕ್ಕೇ ಪೆಡಲ್ ಹಾಕುವ ಮುಂಚೆ ಬ್ರೇಕ್ ಬ್ಲೀಡ್ ಮಾಡಿಸಿ (ಲೈನಿನ ಗಾಳಿ ತೆಗೆಸಿ), ಹೊಸ ಡಾಟ್ 4 ಫ್ಲೂಯಿಡ್ ತುಂಬಿಸಿ ಆಮೇಲೆ ಅಳೆಯಿರಿ. ಎರಡರ ನಡುವಿನ ಅಡ್ಡ ಅಂತರ ಈಗ 50 ಮಿ.ಮೀ ಇದೆ, ಸಾಕು.

ಕ್ಲಿಪ್ ಮೇಲೆ ಕೂರಿಸುವ ಸೆಟ್ ಯಾವ ಕಾರಣಕ್ಕೂ ಬೇಡ. ಓರೆಯಾಗಿ ಒತ್ತಿದಾಗ ಅವು ಜರುಗುತ್ತವೆ, ಹೀಲ್ ಅಂಡ್ ಟೋ ಮಾಡುವಾಗ ಒತ್ತುವುದೇ ಓರೆಯಾಗಿ. ಬೋಲ್ಟೇ ಹಾಕಬೇಕು.

ಬ್ರೇಕ್ ಮತ್ತು ಕ್ಲಚ್ಚಿಗೆ ತಲಾ ಎರಡು ಎಂ6 (6 ಮಿ.ಮೀ ದಪ್ಪದ) ಬೋಲ್ಟ್, 20 ಮಿ.ಮೀ ಉದ್ದದ್ದು, ತಲೆ ಪ್ಲೇಟಿನೊಳಗೆ ಮುಳುಗುವ ಆಲನ್ ಬೋಲ್ಟ್ ಆಗಿರಲಿ. ಒಂದೇ ಬೋಲ್ಟ್ ಹಾಕಿದರೆ ಪ್ಲೇಟ್ ತಿರುಗುತ್ತದೆ. ಆಕ್ಸಿಲರೇಟರಿಗೆ ಮೂರು ಎಂ5, 25 ಮಿ.ಮೀ. ಎಲ್ಲಕ್ಕೂ ಹಿಂದೆ ವಾಷರ್ ಮತ್ತು ನೈಲಾಕ್ ನಟ್ (ಒಳಗಿನ ನೈಲಾನ್ ಬಳೆಯಿಂದ ಸಡಿಲವಾಗದ ನಟ್). ಸೆಟ್ಟಿನ ಜೊತೆ ಬಂದ 30 ಮಿ.ಮೀ ಬೋಲ್ಟ್‌ಗಳು ಹಿಂದಕ್ಕೆ ಚಾಚಿ ಕಾರ್ಪೆಟ್ಟಿಗೆ ತಗುಲುತ್ತಿದ್ದವು. ಹಾರ್ಡ್‌ವೇರ್ ಅಂಗಡಿಯ ಸ್ಟೇನ್‌ಲೆಸ್ ಬೋಲ್ಟೇ ವಾಸಿ.

ತೂತು ಕೊರೆಯುವಾಗ ಸೆಂಟರ್ ಪಂಚಿನಿಂದ ಗುರುತು ಮಾಡಿ, ಮೊದಲು 3 ಮಿ.ಮೀ ಬಿಟ್, ಆಮೇಲೆ ಎಂ6 ಬೋಲ್ಟಿಗೆ 6.5. ಪೆಡಲಿನ ತೋಳಿಗೆ ವೆಲ್ಡ್ ಆದ ಜಾಗದಿಂದಲೂ ಅಂಚಿನಿಂದಲೂ 10 ಮಿ.ಮೀ ದೂರ ಬಿಡಿ. ತೂತಿನ ಅಂಚು ಅರದಿಂದ ಸವರಿ ಪ್ರೈಮರ್ ಹಚ್ಚದಿದ್ದರೆ ಒಂದೇ ಮಳೆಗಾಲಕ್ಕೆ ತುಕ್ಕು. ಆಕ್ಸಿಲರೇಟರನ್ನು ಮಾತ್ರ ಕಾರಿನಲ್ಲೇ ಇಟ್ಟು ಕೊರೆಯಬೇಡಿ. ಇಗ್ನಿಷನ್ ಆಫ್ ಮಾಡಿ, ಕನೆಕ್ಟರ್ ಬಿಚ್ಚಿ, ಇಡೀ ಮಾಡ್ಯೂಲ್ ಹೊರಗೆ ತೆಗೆಯಿರಿ. ಸೆನ್ಸರ್ ಇರುವ ಡಬ್ಬಿಯ ಹತ್ತಿರ ಬಿಟ್ ಸುಳಿಯಬಾರದು. ಆಕ್ಸಿಲರೇಟರ್ ಪೆಡಲ್ ಪ್ಲಾಸ್ಟಿಕ್ ಆದ್ದರಿಂದ ಅಗಲ ವಾಷರ್ ಹಾಕಿ ಹದವಾಗಿ ಬಿಗಿದರೆ ಸಾಕು. ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಚ್ಚುವ ಅಂಟು) ಅಲ್ಲಿ ಹಚ್ಚಲೇಬಾರದು, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತದೆ. ನೈಲಾಕ್ ಇರುವಾಗ ಅದರ ಅಗತ್ಯವೂ ಇಲ್ಲ.

ಜೋಡಿಸಿದ ಮೇಲೆ ಮೂರು ಪೆಡಲನ್ನೂ ಹೋಗುವಷ್ಟು ಆಳಕ್ಕೆ ಒತ್ತಿ ಬಿಡಿ, ತಾನಾಗೇ ಪೂರ್ತಿ ಮೇಲೆ ಬರಬೇಕು. ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ ಬ್ರೇಕ್ ಲೈಟ್ ನೋಡಿಸಿ. ಪ್ಲೇಟ್ ಎಲ್ಲಾದರೂ ತಗುಲಿ ಪೆಡಲ್ ಕೂದಲೆಳೆಯಷ್ಟು ಕೆಳಗೆ ನಿಂತರೂ ಲೈಟ್ ಉರಿಯುತ್ತಲೇ ಇರುತ್ತದೆ. ದಪ್ಪ ಮ್ಯಾಟ್ ಇದ್ದರೆ ಆಕ್ಸಿಲರೇಟರ್ ಪ್ಲೇಟಿನ ಕೆಳ ಅಂಚು ಅದರಡಿ ಸಿಕ್ಕಿಕೊಳ್ಳುತ್ತದೆ. ಹುಕ್ಕಿಗೆ ಕೂರುವ ತೆಳು ಮ್ಯಾಟೇ ಬೇಕು.

ಬಾಳಿಕೆ ವಿಷಯಕ್ಕೆ ಬಂದರೆ, ಪ್ಲೇಟ್ ಗಟ್ಟಿಯಾಗಿದೆ, ಬೋಲ್ಟ್ ಸಡಿಲವಾಗಿಲ್ಲ. ಸೋತದ್ದು ಕಾಲು ಜಾರದಂತೆ ಪ್ಲೇಟಿನ ಮೇಲೆ ಕೂರಿಸಿದ ರಬ್ಬರ್ ಗುಬುಟುಗಳು. ಆಕ್ಸಿಲರೇಟರಿನ ಎಡ ಅಂಚಿನ ಸಾಲು ಸವೆದು, ಎರಡು ಉದುರಿವೆ. ನಮ್ಮ ಕಡೆಯ ಎರೆಮಣ್ಣು ಇದರ ನಿಜವಾದ ಶತ್ರು. ಮಳೆಯಲ್ಲಿ ಗದ್ದೆ ಬದುವಿನಿಂದ ಬಂದು ಹಾಗೇ ಕೂತರೆ ಅಟ್ಟೆಗೆ ಮೆತ್ತಿದ ಮಣ್ಣು ಗುಬುಟುಗಳ ಸಂದಿಯಲ್ಲಿ ತುಂಬಿಕೊಂಡು, ಒಣಗಿ, ಪೆಡಲ್ ಸಪಾಟಾಗುತ್ತದೆ. ಮತ್ತೆ ಒದ್ದೆ ಬೂಟು ಬಿದ್ದರೆ ಸೋಪಿನಂತೆ ಜಾರುತ್ತದೆ. ಆರ್‌ಪಾರ್ ತೂತಿರುವ ಪ್ಲೇಟಿನಲ್ಲಿ ಮಣ್ಣು ಹಿಂದಕ್ಕೆ ಉದುರುತ್ತದೆ, ಅಂಥದ್ದನ್ನೇ ಆರಿಸಿ. ಹಳೆಯ ಟೂತ್‌ಬ್ರಷ್ ಡೋರಿನಲ್ಲಿ ಇರಲಿ. ಚಪ್ಪಲಿ ಹಾಕಿ ಓಡಿಸುವವರಿಗೆ ಈ ಸೆಟ್ ಹೊಂದುವುದಿಲ್ಲ. ಬರಿಗಾಲಿಗಂತೂ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಪ್ಲೇಟ್ ಚುರ್ ಅನ್ನುತ್ತದೆ.

ಸರ್ವೀಸಿಗೆ ಬಿಟ್ಟಾಗ ಕಾಲಡಿ ಹಾಸುವ ಕಾಗದವನ್ನು, ಕಾರು ವಾಪಸ್ ತೆಗೆದುಕೊಂಡ ತಕ್ಷಣ ಎಳೆದು ಹಾಕಿ. ಬೋಲ್ಟ್‌ಗಳನ್ನು ಪ್ರತಿ ಸರ್ವೀಸಿನಲ್ಲಿ ಆಲನ್ ಕೀಯಿಂದ ಒಮ್ಮೆ ಮುಟ್ಟಿ ನೋಡಿದರೆ ಸಾಕು.