ಆರ್‌ವಿ-7ಕ್ಕೆ ಬಾಲದ ಚಕ್ರವೋ, ಮೂತಿ ಚಕ್ರವೋ? ಎರಡನ್ನೂ ಇಳಿಸಿ ನೋಡಿದೆ

ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯ ಆರ್‌ವಿ-7 ಕಿಟ್ ತರಿಸಿ ಗ್ಯಾರೇಜಿನಲ್ಲೇ ವಿಮಾನ ಕಟ್ಟಲು ಹೊರಟವರು ಮೊದಲೇ ತೀರ್ಮಾನಿಸಬೇಕಾದದ್ದು ಚಕ್ರದ ವಿಷಯ. ಬರೀ ‘7’ ಅಂದರೆ ಮೂರನೇ ಚಕ್ರ ಬಾಲದಡಿ, ಟೈಲ್‌ವೀಲ್. ‘7ಎ’ ಅಂದರೆ ಮೂತಿಯಡಿ, ನೋಸ್‌ವೀಲ್. ಗಾಳಿಯಲ್ಲಿರುವಾಗ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ನೆಲ ಮುಟ್ಟಿದ ಮೇಲೆ ಎರಡರ ಸ್ವಭಾವವೇ ಬೇರೆ. ಇಲ್ಲಿನ ಗೆಳೆಯರ ಎರಡು ವಿಮಾನಗಳನ್ನು, ಪಕ್ಕದ ಸೀಟಿನಲ್ಲಿ ಅವರನ್ನೇ ಕೂರಿಸಿಕೊಂಡು, ಇಳಿಸಿ ನೋಡಿದೆ.

ಟೈಲ್‌ವೀಲ್ ಹಾರಿಸಲು ಅಮೆರಿಕದಲ್ಲಿ ಬೋಧಕರ ಪ್ರತ್ಯೇಕ ಸಹಿ ಬೇಕು. ಯಾಕೆ ಅಂತ ಮೊದಲ ಅಡ್ಡಗಾಳಿಯಲ್ಲೇ ಅರ್ಥವಾಗುತ್ತದೆ. ವಿಮಾನದ ಭಾರದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಎತ್ತಿನ ಗಾಡಿಯನ್ನು ಹಿಮ್ಮುಖವಾಗಿ ತಳ್ಳಿದಂತೆ, ತುಸು ಓರೆಯಾದರೂ ಓರೆ ಬೆಳೆಯುತ್ತಲೇ ಹೋಗುತ್ತದೆ. ಹಿಡಿತ ತಪ್ಪಿದರೆ ಗರ್ರನೆ ಸುತ್ತಿ ಗ್ರೌಂಡ್ ಲೂಪ್. ಹೀಗಾಗಿ ಚಕ್ರ ತಾಗಿತು ಅಂತ ಉಸಿರು ಬಿಡುವ ಹಾಗಿಲ್ಲ, ಪೂರ್ತಿ ನಿಲ್ಲುವವರೆಗೂ ಎರಡೂ ಕಾಲು ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಪೆಡಲ್ ಮೇಲೆ ಕುಣಿಯುತ್ತಿರಬೇಕು. ವಿಮೆಯವರೂ ಟೈಲ್‌ವೀಲ್ ಅಂದ ಕೂಡಲೇ ಎಷ್ಟು ಗಂಟೆ ಅನುಭವ ಅಂತ ವಿಚಾರಿಸುತ್ತಾರೆ. ಆದರೆ ಗ್ರೌಂಡ್ ಲೂಪಿನಲ್ಲಿ ಸಾಮಾನ್ಯವಾಗಿ ಹೋಗುವುದು ರೆಕ್ಕೆಯ ತುದಿ, ಚಕ್ರದ ಕಾಲು, ಮತ್ತೆ ಒಂದಿಷ್ಟು ಮಾನ.

7ಎ ಇಳಿಸುವುದು ನಿಜಕ್ಕೂ ಸಲೀಸು. ಭಾರದ ಕೇಂದ್ರ ಮುಖ್ಯ ಚಕ್ರಗಳ ಮುಂದಿರುವುದರಿಂದ ಸ್ವಲ್ಪ ಸೊಟ್ಟಗೆ ಇಳಿದರೂ ತಾನೇ ನೆಟ್ಟಗಾಗುತ್ತದೆ. ತೊಂದರೆ ಇರುವುದು ಆ ಮೂತಿಯ ಕಾಲಿನಲ್ಲಿ. ಹ್ಯಾಂಗರಿನಲ್ಲಿ ಬಗ್ಗಿ ನೋಡಿ: ಒಂದೇ ಉಕ್ಕಿನ ಸರಳು, ತುದಿಗೆ ಫೋರ್ಕ್, ಅದರಲ್ಲಿ ಪುಟ್ಟ ಚಕ್ರ. ವೇಗ ಹೆಚ್ಚಿಟ್ಟುಕೊಂಡು ಬಂದು ಮೂತಿ ಮೊದಲು ತಾಗಿದರೆ ವಿಮಾನ ಕುಪ್ಪಳಿಸುತ್ತದೆ. ಗಾಬರಿಯಲ್ಲಿ ಸ್ಟಿಕ್ (ಮೂತಿಯನ್ನು ಏರಿಸಿಳಿಸುವ ಹಿಡಿಕೆ) ಮುಂದೆ ಒತ್ತಿದರೆ ಮುಂದಿನ ಕುಪ್ಪಳ ಇನ್ನೂ ಜೋರು. ಆಗ ಮಾಡಬೇಕಾದದ್ದು ಇಷ್ಟೇ: ಥ್ರಾಟಲ್ ಕೊಟ್ಟು ಮೇಲೇರಿ ಮತ್ತೊಂದು ಸುತ್ತು ಬರುವುದು. ಗುಂಡಿಬಿದ್ದ ಹುಲ್ಲಿನ ಮೇಲಾದರೆ ಫೋರ್ಕ್ ನೆಲಕ್ಕೆ ಕಚ್ಚಿ, ಕಾಲು ಹಿಂದಕ್ಕೆ ಮಡಚಿ, ವಿಮಾನ ಬೆನ್ನಡಿಯಾಗಬಹುದು. ಇಂಥ ಅಪಘಾತಗಳನ್ನು ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯೂ ಪರಿಶೀಲಿಸಿದೆ. 2007ರಲ್ಲಿ ಕಂಪನಿ, ನೆಲದಿಂದ ಹೆಚ್ಚು ಎತ್ತರ ಸಿಗುವಂಥ ಹೊಸ ಫೋರ್ಕ್ ಹಾಕಿಸಲು ಸೂಚಿಸಿತು. ಹಳೆಯ ವಿಮಾನ ಕೊಳ್ಳುವವರು ಮೊದಲು ಇದನ್ನೇ ನೋಡಬೇಕು.

ಮಗುಚಿದರೆ ತಲೆಯ ಮೇಲಿರುವುದು ಪ್ಲೆಕ್ಸಿಗ್ಲಾಸ್ ಕ್ಯಾನೊಪಿ, ಅಂದರೆ ಪಾರದರ್ಶಕ ಮುಚ್ಚಳ. ನೆಲಕ್ಕೆ ಒತ್ತಿಕೊಂಡ ಮೇಲೆ ಅದು ತೆರೆಯುವುದು ಕಷ್ಟ. 7ಎ ಗೆಳೆಯ ಅದನ್ನು ಒಡೆಯಲೆಂದೇ ಕೈಗೆಟುಕುವಲ್ಲಿ ಒಂದು ಸುತ್ತಿಗೆ ಇಟ್ಟುಕೊಂಡಿದ್ದಾನೆ. ನೆಲದ ಮೇಲೆ ನಿಧಾನವಾಗಿ ಓಡಿಸುವಾಗಲೂ (ಟ್ಯಾಕ್ಸಿ) ಸ್ಟಿಕ್ ಹೊಟ್ಟೆಗೆ ಎಳೆದುಕೊಂಡೇ ಇರುತ್ತಾನೆ, ಮೂತಿಯ ಮೇಲೆ ಭಾರ ಕಡಿಮೆಯಾಗಲಿ ಅಂತ. ಅವನ ವಿಮಾನದಲ್ಲಿ ನನಗೂ ಅದೇ ಕಟ್ಟಪ್ಪಣೆ.

ಟೈಲ್‌ವೀಲಿನಲ್ಲಿ ಎಡವುವುದು ಸುಲಭ, ಅದಕ್ಕೆ ತೆರುವ ಬೆಲೆ ಕಡಿಮೆ. ನೋಸ್‌ವೀಲಿನಲ್ಲಿ ಎಡವುವುದು ಅಪರೂಪ, ಎಡವಿದರೆ ಕುತ್ತಿಗೆಗೇ ಕುತ್ತು. ನಾನು ಹಾರುವುದು ಡಾಂಬರು ರನ್‌ವೇಗಳಿಂದ, ಅಡ್ಡಗಾಳಿಯೂ ವಿಪರೀತ. ಹಾಗಾಗಿ ನನ್ನ ಓಟು 7ಎಗೆ. ಹುಲ್ಲಿನ ಪಟ್ಟಿಗಳಿಗೆ ಓಡಾಡುವವರು ಕೇಳಿದರೆ ಟೈಲ್‌ವೀಲ್ ಕಲಿಯಿರಿ ಅನ್ನುತ್ತೇನೆ, ಅದೂ ಕಿಟ್ ಆರ್ಡರ್ ಮಾಡುವ ಮೊದಲು.