ಬೆಂಗಳೂರು ಅರಮನೆನಾ, ಟಿಪ್ಪು ಅರಮನೆನಾ?

ಧಾರವಾಡದಿಂದ ಬಂದಿದ್ದ ಅತ್ತೆ ಮಗ "ಒಂದು ಅರಮನೆ ತೋರಿಸು" ಅಂದ. ಒಂದೇ ಶನಿವಾರ ಎರಡು ತೋರಿಸಿದೆ.

ಬೆಳಗ್ಗೆ ವಸಂತನಗರದ ಬೆಂಗಳೂರು ಅರಮನೆ. ಹೊರಗಿನಿಂದ ಭರ್ಜರಿ: ಗೋಪುರ, ಹಲ್ಲುಹಲ್ಲಾದ ಗೋಡೆ, ಇಂಗ್ಲೆಂಡಿನ ಕೋಟೆಯೊಂದನ್ನು ಎತ್ತಿಕೊಂಡು ಬಂದು ಇಲ್ಲಿ ಇಟ್ಟ ಹಾಗೆ. ಗ್ಯಾರೆಟ್ ಅನ್ನೋ ಪಾದ್ರಿ 1862ರಲ್ಲಿ ಕಟ್ಟಿಸಲು ಶುರು ಮಾಡಿದ್ದು, 1873ರಲ್ಲಿ ಮೈಸೂರಿನ ಬಾಲಕ ರಾಜ ಚಾಮರಾಜೇಂದ್ರ ಒಡೆಯರಿಗಾಗಿ ಅವರ ಬ್ರಿಟಿಷ್ ಪಾಲಕರು ಕೊಂಡರು. ಟಿಕೆಟ್ ಜಾಸ್ತಿಯೇ. ಒಳಗೆ ಬಣ್ಣದ ಗಾಜು, ದರ್ಬಾರ್ ಹಾಲ್, ಆನೆ ತಲೆ, ಗೋಡೆ ತುಂಬ ಫೋಟೋ. ಚೆನ್ನಾಗಿದೆ, ಆದರೆ ಸಾಮಾನು ನೋಡೋದರಲ್ಲೇ ಎರಡು ಗಂಟೆ ಕಳೆಯಿತು, ಕಟ್ಟಡದ ಕಡೆ ಕಣ್ಣೇ ಹೋಗಲಿಲ್ಲ.

ಊಟ ಮಾಡಿ ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್‌ಗೆ ಬಂದೆವು. ಬಸ್ಸು, ಹಾರನ್ನು, ಹೂವಿನ ಬುಟ್ಟಿ ಎಲ್ಲ ದಾಟಿಕೊಂಡು ಕೋಟೆ ವೆಂಕಟರಮಣ ದೇವಸ್ಥಾನದ ಪಕ್ಕಕ್ಕೆ ಹೋದರೆ ಟಿಪ್ಪುವಿನ ಬೇಸಿಗೆ ಅರಮನೆ. ಹೈದರಾಲಿ ಶುರು ಮಾಡಿದ್ದು, 1791ರಲ್ಲಿ ಮುಗಿಸಿದ್ದು ಟಿಪ್ಪು. ಟಿಕೆಟ್ ಒಂದು ಕಾಫಿ ದುಡ್ಡು. ಒಳಗೆ ಖಾಲಿ ಖಾಲಿ, "ಇಷ್ಟೇನಾ?" ಅಂದ ಅತ್ತೆ ಮಗ.

ಇಷ್ಟೇ ಮಾರಾಯಾ, ಅದಕ್ಕೇ ಇಲ್ಲಿ ಕಟ್ಟಡ ಕಾಣಿಸೋದು! ಕಲ್ಲಿನ ಪೀಠದ ಮೇಲೆ ತೇಗದ ಕಂಬ, ಮೇಲೆ ಹೋಗ್ತಾ ಹೋಗ್ತಾ ಸಣ್ಣಗಾಗುತ್ತೆ, ಅದರ ತುದಿಯಿಂದ ಅಲೆಅಲೆಯಾದ ಕಮಾನು ಪಕ್ಕದ ಕಂಬಕ್ಕೆ ಹಾರುತ್ತೆ. ಸಾಲಿನ ಒಂದು ತುದಿಯಲ್ಲಿ ನಿಂತರೆ ಕಂಬದ ಹಿಂದೆ ಕಂಬ. ಗೋಡೆಯಲ್ಲಿ ಹೂಬಳ್ಳಿ ಚಿತ್ರ, ಅಲ್ಲಲ್ಲಿ ಮಾಸಿದೆ. ಟಿಪ್ಪು ದರ್ಬಾರು ನಡೆಸುತ್ತಿದ್ದ ಮಹಡಿಯ ಬಾಲ್ಕನಿ ಹತ್ತಿರ ಸುಮ್ನೆ ಹತ್ತು ನಿಮಿಷ ಕೂತೆ, ಅಷ್ಟು ತಂಪು. ಆಮೇಲೆ 1868ರವರೆಗೆ ಇದೇ ಸರ್ಕಾರಿ ಕಚೇರಿ ಆಗಿತ್ತಂತೆ. ಕಡತಗಳ ರಾಶಿ ಮಧ್ಯೆ ಈ ಕಂಬಗಳನ್ನು ಯಾರಾದರೂ ನೋಡಿದ್ದರಾ ಅಂತ ಯೋಚನೆ ಬಂತು.

ನನ್ನ ವೋಟು ಟಿಪ್ಪು ಅರಮನೆಗೆ. ಮಕ್ಕಳಿದ್ದರೆ, ಫೋಟೋ ಹುಚ್ಚಿದ್ದರೆ ವಸಂತನಗರವೇ ಸರಿ, ಜಾಗ ವಿಶಾಲ.

ಮಾರ್ಕೆಟ್‌ವರೆಗೆ ಹೋದವರು ಅಲ್ಲೇ ಹತ್ತಿರ ಉಳಿದಿರೋ ಕೋಟೆ ಬಾಗಿಲನ್ನೂ ನೋಡಿ. ಅರಮನೆ ಮುಗಿದ ಅದೇ 1791ರ ಮಾರ್ಚಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಗೋಡೆ ಒಡೆದು ನುಗ್ಗಿದ್ದು ಈ ಕೋಟೆಗೇ. ಅತ್ತೆ ಮಗ ಬಾಗಿಲಿನ ಕಲ್ಲಿನ ಕೆತ್ತನೆ ಮುಂದೆ ಮಾತ್ರ ಗಪ್‌ಚಿಪ್ ನಿಂತಿದ್ದ, ಆದರೂ ಊರಿಗೆ ಹೋಗಿ ಸ್ಟೇಟಸ್ ಹಾಕಿದ್ದು ಆನೆ ತಲೆಯದ್ದು.