ಶಿವಮೊಗ್ಗ–ಆಗುಂಬೆ ಸೈಕಲ್ ರೈಡ್: ಕೊನೇಲಿ ಇರೋರನ್ನೂ ಬಿಟ್ಟು ಹೋಗಲ್ಲ

ಹೋದ ಜನವರಿಲಿ ನಮ್ಮೂರ ಸೈಕಲ್ ಬಳಗದವ್ರು ಮಾಡಿದ ಎರಡು ದಿನದ ಚಾರಿಟಿ ರೈಡ್‌ಗೆ ಹೋಗಿದ್ದೆ. ತೀರ್ಥಹಳ್ಳಿ ಮೇಲೆ ಆಗುಂಬೆ, ಮಾರನೇ ದಿನ ಅದೇ ದಾರೀಲಿ ವಾಪಸ್, ಒಟ್ಟು 180 ಕಿಲೋಮೀಟರ್ ಆಸುಪಾಸು. ಫೀಸು 1,500, ಊಟ, ರಾತ್ರಿ ಉಳ್ಕೊಳೋದು, ಟೀ ಶರ್ಟು ಎಲ್ಲಾ ಅದ್ರಲ್ಲೇ, ಅದಲ್ದೆ ಪ್ರತಿಯೊಬ್ರೂ ಗೊತ್ತಿರೋರ ಹತ್ರ ದೇಣಿಗೆ ಎತ್ಬೇಕು, ಆ ದುಡ್ಡು ಹಳ್ಳಿ ಶಾಲೆ ಮಕ್ಕಳ ಸೈಕಲ್ ರಿಪೇರಿಗೆ. ಸರ್ಕಾರದವ್ರು 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ರಲ್ಲ, ಹಾಗೆ ಬಂದ ಸೈಕಲ್‌ಗಳು ನಮ್ಮ ಕಡೆ ಟ್ಯೂಬ್ ಹೋಗಿ, ಬ್ರೇಕ್ ರಬ್ಬರ್ ಸವೆದು ಕೊಟ್ಟಿಗೆ ಮೂಲೆ ಸೇರಿರೋದನ್ನ ನಾನೇ ನೋಡಿದೀನಿ, ಹಂಗಾಗಿ ಈ ಉದ್ದೇಶ ಕೇಳಿದ ತಕ್ಷಣ ಹೆಸರು ಕೊಟ್ಟೆ.

ಐದೂವರೆಗೆ ಹೊರಟ್ವಿ. ಮುಂಚೆ ಒಬ್ಬೊಬ್ರ ಹೆಲ್ಮೆಟ್ ಬಕಲ್ ಎಳೆದು ನೋಡಿದ್ರು, ಹಿಂದೆ ಕೆಂಪು ಲೈಟ್ ಇಲ್ದೋರಿಗೆ ಅಲ್ಲೇ ಕೊಟ್ಟು ಕಟ್ಸಿದ್ರು. ಗಾಜನೂರು ದಾಟೋವರೆಗೂ ಮುಂದಿನ ಸೈಕಲ್ ಲೈಟ್ ಬಿಟ್ರೆ ಏನೂ ಕಾಣ್ತಿರ್ಲಿಲ್ಲ, ಅಷ್ಟು ಮಂಜು. ಸಕ್ರೆಬೈಲು ಹತ್ರ ಆನೆ ಲದ್ದಿ ಹಸೀಗೇ ಬಿದ್ದಿತ್ತು, ಮುಂದಿದ್ದೋರು ಕೈ ಕೆಳಗೆ ಮಾಡಿ ತೋರ್ಸಿದ್ರು, ಆ ಸನ್ನೆ ಒಬ್ರಿಂದೊಬ್ರಿಗೆ ದಾಟ್ಕೊಂಡು ಕೊನೇವರೆಗೂ ಹೋಯ್ತು. ಮಂಡಗದ್ದೆಲಿ ತಿಂಡಿಗೆ ಕಡುಬು, ಚಟ್ನಿ, ತುಂಬಾ ಚೆನ್ನಾಗಿತ್ತು.

ತೀರ್ಥಹಳ್ಳೀಲಿ ಎಲ್ರೂ ಸೇರಿ ಮನವಿ ಕೊಟ್ವಿ, ರಸ್ತೆ ಕೆಲಸ ಮಾಡೋವಾಗ ಅಂಚಿಗೆ ಸೈಕಲ್‌ಗೂ ಜಾಗ ಬಿಡಿ ಅಂತ. ಇದು ಯಾಕೆ ಬೇಕು ಅಂತ ಅಲ್ಲಿಂದ ಮುಂದೆ ಹೋದ್ರೆ ಗೊತ್ತಾಗುತ್ತೆ, ಎಷ್ಟೋ ಕಡೆ ಟಾರು ಮುಗಿಯೋ ಜಾಗದಲ್ಲಿ ಮಣ್ಣು ಗೇಣುದ್ದ ಕೆಳಗಿದೆ, ಹಿಂದಿಂದ ಬಸ್ಸು ಹಾರ್ನ್ ಹೊಡೆದ್ರೆ ಇಳಿಯೋಕೂ ಆಗಲ್ಲ, ಅಲ್ಲೇ ಇರೋಕೂ ಆಗಲ್ಲ, ನಂಗಂತೂ ಒಂದು ಸಲ ಮೊಣಕೈಗೇ ಗಾಳಿ ಬಡಿದಂಗಾಯ್ತು. ದಿನಾ ಅದೇ ಅಂಚಲ್ಲಿ ಮಕ್ಕಳು ಶಾಲೆಗೆ ಹೋಗ್ತವೆ ಮಾರಾಯ್ರೆ.

ಮೇಗರವಳ್ಳಿ ದಾಟಿದ್ಮೇಲೆ ಏರಲ್ಲಿ ನನ್ನ ಚೈನ್ ತುಂಡಾಯ್ತು. ಎಲ್ರೂ ಮುಂದೆ ಹೋಗಿದ್ರು. ಎಲ್ಲಾರ ಹಿಂದೆ ಬರೋಕೆ ಅಂತ್ಲೇ ಒಬ್ಬ ಹುಡುಗನ್ನ ಇಟ್ಟಿದ್ರು, ಬಂದೋನೇ ಸೈಕಲ್ ಮಗುಚಿ, ಸೊಟ್ಟಾಗಿದ್ದ ಕೊಂಡಿ ಕಳಚಿ, ಜೇಬಿಂದ ಜೋಡಿ ಕೊಂಡಿ, ಅಂದ್ರೆ ತುಂಡಾದ ಚೈನ್ ಮತ್ತೆ ಸೇರ್ಸೋ ಕೊಂಡಿ, ತೆಗೆದು ಹಾಕ್ದ. ಪೆಡಲ್ ಕೈಯಲ್ಲಿ ನಾಲ್ಕು ಸುತ್ತು ತಿರುಗ್ಸಿ ಕೇಳಿಸ್ಕೊಂಡು, ಕೈ ಎಲೆಗೆ ಒರೆಸ್ಕೊಂಡು, "ಹೊರಡಿ, ನಾನು ಹಿಂದೇನೇ ಇರ್ತೀನಿ" ಅಂದ. ಆಗುಂಬೆವರೆಗೂ ಹಿಂದೇನೇ ಇದ್ದ. ನಾನು ಬಳಗದವ್ರಿಗೆ ಪೂರ್ತಿ ಮಾರ್ಕ್ಸ್ ಕೊಡೋದು ಇದಕ್ಕೇ. ದಣಿದಿರೋರನ್ನ 14 ತಿರುವಿನ ಘಾಟಿ ಇಳಿಸದೆ ಮೇಲೇ ನಿಲ್ಸಿದ್ದೂ ಒಳ್ಳೇ ತೀರ್ಮಾನ. ರಾತ್ರಿ ಬಿಸಿ ಕಷಾಯ, ಅನ್ನ, ಸಾರು, ಮಿಡಿ ಉಪ್ಪಿನಕಾಯಿ, ಇನ್ನೇನು ಬೇಕು.

ಸರಿ ಹೋಗ್ಬೇಕಾದ್ದು ಎರಡಿದೆ. ತೀರ್ಥಹಳ್ಳಿ ಆದ್ಮೇಲೆ ಸುಮಾರು 20 ಕಿಲೋಮೀಟರ್ ನೀರು ಕೊಡೋರು ಯಾರೂ ಇರ್ಲಿಲ್ಲ, ನೀರಿನ ಗಾಡಿ ಮುಂದೆ ಹೋಗ್ಬಿಟ್ಟಿತ್ತು, ಬಿಸಿಲೇರಿದ ಮೇಲೆ ಅದು ಸಣ್ಣ ವಿಷ್ಯ ಅಲ್ಲ. ಇನ್ನೊಂದು, ಎಷ್ಟು ದೇಣಿಗೆ ಬಂತು, ಎಷ್ಟು ಸೈಕಲ್ ರಿಪೇರಿ ಆಯ್ತು ಅನ್ನೋ ಲೆಕ್ಕ ನಂಗೆ ಇನ್ನೂ ಸಿಕ್ಕಿಲ್ಲ. ದುಡ್ಡು ಕೊಟ್ಟೋರು ನನ್ನ ಕೇಳ್ತಾರೆ, ನಾನೂ ಇವ್ರನ್ನ ನೇರವಾಗೇ ಕೇಳಿದೀನಿ, ತಿಂಗಳೊಳಗೆ ಕೊಡ್ತೀವಿ ಅಂದಿದಾರೆ.

ಹೋಗೋರು ಎರಡು ಟ್ಯೂಬು, ಒಂದು ಜೋಡಿ ಕೊಂಡಿ, ಎರಡು ಬಾಟಲ್ ನೀರು ನೀವೇ ಇಟ್ಕೊಳಿ. ಮುಂದಿನ ಸಲಕ್ಕೆ ಅಕ್ಕನ ಮಗಳನ್ನೂ ಕರ್ಕೊಂಡು ಹೋಗ್ತೀನಿ, ಅಷ್ಟರಲ್ಲಿ ಅವಳ ಸೈಕಲ್‌ಗೆ ಬ್ರೇಕ್ ರಬ್ಬರ್ ಹಾಕಿಸ್ಬೇಕು.